ತಡೆಯಲಾಗದಷ್ಟು ಸಿಟ್ಟು, ಸಂಕಟ ಬರುವವರಿಗೆ ಡಿಬಿಟಿ: ಕಲಬುರಗಿ ಕಡೆ ಮಾಡಿಸಿದವರು ಇದ್ದೀರಾ?

ಕಲಬುರಗಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ವಿಷಯ ಕೇಳಬೇಕಿತ್ತು. ಅವಳಿಗೆ 22 ವರ್ಷ, ಬಿ.ಎಡ್ ಓದುತ್ತಿದ್ದಾಳೆ. ಓದಿನಲ್ಲಿ ಚುರುಕು. ಮನೆಯಲ್ಲಿ ಎಲ್ಲರನ್ನೂ ಜಾಸ್ತಿ ಹಚ್ಚಿಕೊಂಡವಳು ಅವಳೇ. ಆದರೆ ಯಾರಾದರೂ ತನ್ನನ್ನು ದೂರ ಮಾಡುತ್ತಿದ್ದಾರೆ ಅನಿಸಿದರೆ ಸಾಕು, ಐದು ನಿಮಿಷದಲ್ಲಿ ಬೇರೆಯೇ ಆಗಿಬಿಡುತ್ತಾಳೆ. ಅಳು, ಕೂಗಾಟ, ಬಾಗಿಲು ಹಾಕಿಕೊಳ್ಳುವುದು, ಕೆಲವೊಮ್ಮೆ ತನಗೆ ತಾನೇ ನೋವು ಮಾಡಿಕೊಳ್ಳುವುದು. ಗಂಟೆಗಟ್ಟಲೆ ತಣ್ಣಗಾಗುವುದಿಲ್ಲ. ಆಮೇಲೆ ನಾಚಿಕೆ. ಯಾರ ಮುಖವನ್ನೂ ನೋಡುವುದಿಲ್ಲ, ಊಟ ಬಿಡುತ್ತಾಳೆ.

ಹೈದರಾಬಾದಿನಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಗುಳಿಗೆ ಕೊಟ್ಟಿದ್ದಾರೆ. ಜೊತೆಗೆ ಡಿಬಿಟಿ ಎಂಬ ಥೆರಪಿ ಮಾಡಿಸಿ ಎಂದರು. ಪೂರ್ತಿ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅಂತೆ. ಅವ್ವ ಕೇಳುತ್ತಾಳೆ, "ಮಾತಾಡಿದ್ರ ಇಂಥಾ ಸಿಟ್ಟು ಹೋಗ್ತದೇನವ್ವಾ?" ಅಪ್ಪನಿಗೆ ಖರ್ಚಿನ ಚಿಂತೆ. ನನಗೆ ಅಲ್ಲಿ ಏನು ಮಾಡಿಸುತ್ತಾರೆ ಅನ್ನುವುದೇ ಗೊತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಿರ್ವಾಹಕರು

ಮೊದಲೇ ಒಂದು ಮಾತು. ತನಗೆ ತಾನೇ ನೋವು ಮಾಡಿಕೊಳ್ಳುವ ವಿಷಯ ಇಲ್ಲಿ ಬಂದಿದೆ. ಯಾರೂ ಅದರ ರೀತಿ, ವಿವರ ಬರೆಯಬೇಡಿ. ಓದುವವರಲ್ಲಿ ಯಾರಿಗಾದರೂ ಈಗಲೇ ಜೀವ ಬೇಡ ಅನಿಸುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸೇವೆ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಅನಿಸಿದರೆ 108 ಅಥವಾ 112.

ಆಳಂದ ರಸ್ತೆ ಹಿರಿಯರು

ತಂಗಿ, ಬೇಜಾರು ಮಾಡಿಕೊಳ್ಳಬೇಡ, ಕೇಳಿದ್ದನ್ನೇ ಹೇಳುತ್ತೇನೆ. ನಮ್ಮ ಕಡೆ ಇಂಥದ್ದಕ್ಕೆ ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಎನ್ನುತ್ತಾರೆ. ಜವಾಬ್ದಾರಿ ಬಂದರೆ ಮನಸ್ಸು ಗಟ್ಟಿಯಾಗುತ್ತದೆ ಅಲ್ವಾ?

ಹುಮನಾಬಾದ್ ಸಿಸ್ಟರ್

ಇಲ್ಲ ಕಾಕಾ. ದಯವಿಟ್ಟು ಆ ಸಲಹೆ ಕೊಡಬೇಡಿ. ಹೊಸ ಮನೆ, ಹೊಸ ಮಂದಿ, ಅತ್ತೆ ಮಾವನ ಮಾತು ಎಲ್ಲಾ ಸೇರಿದರೆ ಈ ಸಂಕಟ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಇದು ಚೆನ್ನಾಗಿ ಗೊತ್ತು. ಹುಡುಗಿಗೆ ಮೊದಲು ಆರೈಕೆ ಸಿಗಲಿ. ಮದುವೆ ಅವಳು ಬಯಸಿದಾಗ ಆಗಲಿ.

ಬೀದರ್ ಮನಶ್ಶಾಸ್ತ್ರ

ನಾನು ಕ್ಲಿನಿಕಲ್ ಸೈಕಾಲಜಿ ಓದಿದವಳು, ಬೀದರಿನವಳು. ಸ್ವಲ್ಪ ಉದ್ದ ಬರೆಯುತ್ತೇನೆ, ವಿಷಯ ಹಾಗಿದೆ.

ಡಿಬಿಟಿಯನ್ನು ಕಟ್ಟಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. ಪದೇ ಪದೇ ಸಾಯುವ ಪ್ರಯತ್ನ ಮಾಡುವ, ಬೇರೆ ಚಿಕಿತ್ಸೆಗೆ ಬಗ್ಗದವರು ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಹೆಣ್ಣುಮಕ್ಕಳ ಜೊತೆ ಅವರು ಶುರು ಮಾಡಿದರು. ಮೊದಲು ಆಗಿನ ರೂಢಿಯ ಥೆರಪಿಯನ್ನೇ ಬಳಸಿದರು. "ನಿಮ್ಮ ಯೋಚನೆ ಬದಲಿಸಿ, ನಡವಳಿಕೆ ಬದಲಿಸಿ" ಅಂದಾಗ ಬಂದವರಿಗೆ, ತಪ್ಪೆಲ್ಲಾ ನನ್ನದೇ ಅನ್ನುತ್ತಿದ್ದಾರೆ ಅನಿಸಿತು. ಎದ್ದು ಹೋದರು. ಸರಿ, ಬದಲಾವಣೆಯ ಮಾತು ಬಿಟ್ಟು ಬರೀ ಕೇಳಿಸಿಕೊಂಡರೆ, "ನನ್ನ ಕಷ್ಟ ಹಾಗೇ ಇದೆ, ನೀವು ಏನೂ ಮಾಡುತ್ತಿಲ್ಲ" ಎಂದರು. ಎರಡೂ ನಿಜವೇ. ಹಾಗಾಗಿ ಲಿನೆಹಾನ್ ಎರಡನ್ನೂ ಒಟ್ಟಿಗೆ ಹಿಡಿದರು. ನೀನು ಈಗ ಇರುವ ಸ್ಥಿತಿಗೆ ಕಾರಣ ಇದೆ, ನಿನ್ನ ನೋವು ಸುಳ್ಳಲ್ಲ. ಹಾಗೆಯೇ ನೀನು ಬೇರೆ ರೀತಿ ಬದುಕುವುದನ್ನು ಕಲಿಯಬೇಕು. ಈ ಎರಡೂ ಮಾತು ಒಂದೇ ಕೋಣೆಯಲ್ಲಿ, ಒಬ್ಬರ ಬಾಯಿಂದಲೇ ಬರಬೇಕು. ಥೆರಪಿಯ ಪೂರ್ತಿ ಜೀವ ಇದರಲ್ಲೇ ಇದೆ.

1991ರಲ್ಲಿ ಅವರ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಬಂತು, 1993ರಲ್ಲಿ ಪುಸ್ತಕ. 2006ರಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಅಲ್ಲಿ ಡಿಬಿಟಿಯನ್ನು ಹೋಲಿಸಿದ್ದು ಅನುಭವಿ ಥೆರಪಿಸ್ಟ್‌ಗಳು ಕೊಡುವ ಬೇರೆ ಚಿಕಿತ್ಸೆಯ ಜೊತೆ. ಡಿಬಿಟಿ ಪಡೆದವರಲ್ಲಿ ಆತ್ಮಹತ್ಯೆಯ ಪ್ರಯತ್ನ ಸುಮಾರು ಅರ್ಧದಷ್ಟಿತ್ತು. ಅಕ್ಕಾ, ನಿಮ್ಮ ಅವ್ವನಿಗೆ ಇದನ್ನು ಹೇಳಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. 2011ರಲ್ಲಿ ಲಿನೆಹಾನ್ ತಮ್ಮ ಕಥೆಯನ್ನು ಎಲ್ಲರೆದುರು ಹೇಳಿದರು. 1961ರಲ್ಲಿ, 17ನೇ ವಯಸ್ಸಿನಲ್ಲಿ, ಅವರೇ ಹಾರ್ಟ್‌ಫರ್ಡ್‌ನ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ತಮಗೆ ತಾವೇ ನೋವು ಮಾಡಿಕೊಳ್ಳುತ್ತಿದ್ದರು. ಅದೇ ಆಸ್ಪತ್ರೆಗೆ ಹೋಗಿ, ಅಲ್ಲಿಯೇ ನಿಂತು ಇದನ್ನು ಹೇಳಿದರು. ನಿಮ್ಮ ತಂಗಿಗೆ ಇದು ಗೊತ್ತಿರಲಿ.

ಕಲಬುರಗಿ ಅಕ್ಕ

ಮೇಡಂ, ಓದಿ ಕಣ್ಣು ತುಂಬಿತು. ಇವಳಿಗೇ ಯಾಕೆ ಹೀಗೆ? ನಾವಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ನನಗೆ ಹಾಗೆ ಆಗುವುದಿಲ್ಲ.

ಬೀದರ್ ಮನಶ್ಶಾಸ್ತ್ರ

ಕೆಲವರು ಹುಟ್ಟಿನಿಂದಲೇ ಮೆತ್ತನೆಯ ಮನಸ್ಸಿನವರು. ಚಿಕ್ಕ ವಿಷಯಕ್ಕೂ ಬೇಗ ಭಾವನೆ ಏಳುತ್ತದೆ, ಬಹಳ ಎತ್ತರ ಹೋಗುತ್ತದೆ, ಇಳಿಯಲು ತುಂಬಾ ಹೊತ್ತು ಬೇಕು. ಇದು ದೇಹದ ಸ್ವಭಾವ. ನಾಟಕ ಅಲ್ಲ, ಹಟ ಅಲ್ಲ. ಅಂಥ ಮಗುವಿಗೆ ಸುತ್ತಲಿನವರು ಪ್ರತಿಸಲ "ಇಷ್ಟಕ್ಕೆಲ್ಲಾ ಅಳ್ತಾರೇನು", "ಸುಮ್ನಿರು, ಮಂದಿ ನೋಡ್ತಾರ" ಅನ್ನುತ್ತಾ ಹೋದರೆ ಏನಾಗುತ್ತದೆ? ತನಗೆ ಆಗುತ್ತಿರುವುದರ ಮೇಲೆ ಅದಕ್ಕೇ ನಂಬಿಕೆ ಹೋಗುತ್ತದೆ. ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಜೋರಾಗಿ ಕೂಗಿದರೆ ಮಾತ್ರ ಓಡಿ ಬರುತ್ತಾರೆ ಎಂದು ಕಲಿಯುತ್ತದೆ. ಲಿನೆಹಾನ್ ಹೇಳಿದ್ದು ಈ ಎರಡರ ಜೋಡಿ. ಸ್ವಭಾವ ಒಂದು ಕಡೆ, ಸುತ್ತಲಿನ ಪರಿಸರ ಇನ್ನೊಂದು ಕಡೆ. ವರ್ಷಗಟ್ಟಲೆ ಒಂದು ಇನ್ನೊಂದನ್ನು ಕೆರಳಿಸುತ್ತಾ ಹೋಗುತ್ತದೆ.

ಅಪ್ಪ ಅವ್ವ ಕೆಟ್ಟವರು ಎಂದು ಇದರ ಅರ್ಥವಲ್ಲ. ಪ್ರೀತಿಯಿಂದಲೇ "ಮನಸ್ಸಿಗೆ ಹಚ್ಕೋಬ್ಯಾಡ" ಅನ್ನುತ್ತೇವೆ. ನಿಮ್ಮಂಥವರಿಗೆ ಆ ಮಾತು ಸಾಕು. ನಿಮ್ಮ ತಂಗಿಗೆ ಸಾಲುವುದಿಲ್ಲ, ಅಷ್ಟೇ.

ಯಾದಗಿರಿ ಓದುಗ

ನಾನು ಡಿಬಿಟಿ ಮಾಡಿದವನು. ಯಾದಗಿರಿಯಿಂದಲೇ, ಹೆಚ್ಚಿನದು ಆನ್‌ಲೈನ್‌ನಲ್ಲಿ. ನನ್ನದು ಸಿಟ್ಟಿನ ಕಷ್ಟ. ಅಂಗಡಿಯಲ್ಲಿ ಗಿರಾಕಿ ಜೊತೆ, ಮನೆಯಲ್ಲಿ ಹೆಂಡತಿ ಜೊತೆ, ರಸ್ತೆಯಲ್ಲಿ ಯಾರ ಜೊತೆ ಬೇಕಾದರೂ. ಆಮೇಲೆ ರಾತ್ರಿಯೆಲ್ಲಾ ನನ್ನ ಮೇಲೆ ನನಗೇ ಅಸಹ್ಯ.

ಅಲ್ಲಿ ಏನು ಮಾಡಿಸುತ್ತಾರೆ ಅಂದರೆ, ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಒಬ್ಬರೇ ಮಾತು. ವಾರಕ್ಕೊಮ್ಮೆ ಗುಂಪಿನಲ್ಲಿ ತರಗತಿ, ಸುಮಾರು ಎರಡು ಗಂಟೆ. ತರಗತಿ ಅಂದರೆ ತರಗತಿಯೇ. ಪಾಠ ಇದೆ, ಮನೆಗೆಲಸ ಇದೆ, ಮುಂದಿನ ವಾರ ಕೇಳುತ್ತಾರೆ. ಗುಂಪಿನಲ್ಲಿ ಕೂತು ಎಲ್ಲರೆದುರು ನಮ್ಮ ಗೋಳು ಹೇಳಬೇಕೇನೋ ಎಂದು ಹೆದರಿದ್ದೆ. ಹಾಗಿಲ್ಲ, ಅಲ್ಲಿ ಕಲಿಯುವುದು ಕೌಶಲ್ಯ ಮಾತ್ರ.

ಪ್ರತಿದಿನ ಒಂದು ಡೈರಿ ಕಾರ್ಡ್ ತುಂಬಬೇಕು. ಇವತ್ತು ಸಿಟ್ಟು ಎಷ್ಟು, ದುಃಖ ಎಷ್ಟು, ಕೆಟ್ಟದ್ದು ಮಾಡಬೇಕು ಅನ್ನುವ ಒತ್ತಡ 0ಯಿಂದ 5ರಲ್ಲಿ ಎಷ್ಟು, ಯಾವ ಕೌಶಲ್ಯ ಬಳಸಿದೆ. ನಾನು ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೆ. ಅದನ್ನು ನೋಡಿದಾಗ ಗೊತ್ತಾಯಿತು, ನನ್ನ ಸಿಟ್ಟಿನ ದಿನಗಳೆಲ್ಲಾ ಮಧ್ಯಾಹ್ನ ಊಟ ಬಿಟ್ಟ ದಿನಗಳೇ. ಯಾರೂ ನನಗೆ ಇದನ್ನು ಮೊದಲು ಹೇಳಿರಲಿಲ್ಲ.

ಶಹಾಪುರ ಮಾಸ್ತರ

ಆ ಕೌಶಲ್ಯಗಳು ಯಾವುವು ಸರ್? ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ನನ್ನ ಮಕ್ಕಳಿಗೂ ಬೇಕಾಗಬಹುದು.

ಯಾದಗಿರಿ ಓದುಗ

ನಾಲ್ಕು ಭಾಗ ಇವೆ ಮಾಸ್ತರ್. ಈ ಕ್ಷಣದಲ್ಲಿ ಏನಾಗುತ್ತಿದೆ ಎಂದು ತೀರ್ಪು ಕೊಡದೆ ಗಮನಿಸುವುದು. ಸಂಕಟದ ಹೊತ್ತನ್ನು ಇನ್ನೂ ಕೆಡಿಸಿಕೊಳ್ಳದೆ ದಾಟುವುದು. ದಿನನಿತ್ಯದ ಭಾವನೆಗಳನ್ನು ಹದ್ದುಬಸ್ತಿನಲ್ಲಿ ಇಡುವುದು. ಜನರ ಜೊತೆ ಮಾತು, ಬೇಡಿಕೆ, "ಆಗಲ್ಲ" ಅನ್ನುವುದು. ಎಲ್ಲಾ ಮುಗಿಸಲು ಸುಮಾರು 24 ವಾರ. ಸಾಮಾನ್ಯವಾಗಿ ಇನ್ನೊಂದು ಸುತ್ತು ಮಾಡಿಸಿ ವರ್ಷ ತುಂಬಿಸುತ್ತಾರೆ.

ನನಗೆ ಮೊದಲು ಕೈಹಿಡಿದಿದ್ದು ಎರಡನೆಯದು. ತಲೆ ಪೂರ್ತಿ ಕೆಟ್ಟಾಗ ಬುದ್ಧಿಮಾತು ಒಳಗೆ ಇಳಿಯುವುದೇ ಇಲ್ಲ ಅಲ್ವಾ? ಆಗ ದೇಹದ ದಾರಿಯಿಂದ ಹೋಗಬೇಕು. ತಣ್ಣೀರು ತುಂಬಿದ ಬೋಗುಣಿಯಲ್ಲಿ ಮುಖ ಅದ್ದಿ, ಉಸಿರು ಹಿಡಿದು, ಅರ್ಧ ನಿಮಿಷ. ಇಲ್ಲವೇ ಕಣ್ಣಿನ ಕೆಳಗೆ, ಕೆನ್ನೆ ಮೇಲೆ ಐಸ್ ಹಾಕಿದ ತಣ್ಣೀರಿನ ಚೀಲ ಇಟ್ಟುಕೊಂಡು ಮುಂದಕ್ಕೆ ಬಾಗುವುದು. ನೀರಿನಲ್ಲಿ ಮುಳುಗಿದಾಗ ಎದೆ ಬಡಿತ ತಾನೇ ನಿಧಾನವಾಗುವ ಗುಣ ನಮ್ಮ ದೇಹದಲ್ಲೇ ಇದೆ. ಅದನ್ನು ಎಬ್ಬಿಸುವುದು ಇದರ ಕೆಲಸ. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ ಟ್ಯಾಂಕಿನ ನೀರು ಕೈ ಸುಡುತ್ತದೆ. ನಲ್ಲಿ ನೀರು ನಂಬಬೇಡಿ. ಗಡಿಗೆಯ ನೀರಿಗೆ ಫ್ರಿಜ್‌ನ ಐಸ್ ಹಾಕಿ ಇಟ್ಟುಕೊಳ್ಳಿ.

ಹುಮನಾಬಾದ್ ಸಿಸ್ಟರ್

ಇಲ್ಲಿ ಒಂದು ಎಚ್ಚರ. ಹೃದಯದ ತೊಂದರೆ ಇರುವವರು, ಎದೆ ಬಡಿತ ಮೊದಲೇ ನಿಧಾನ ಇರುವವರು, ಎದೆ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಳಿಗೆ ನುಂಗುವವರು, ಊಟ ಬಿಟ್ಟು ಬಿಟ್ಟು ತೀರಾ ಸೊರಗಿದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಅಕ್ಕಾ, ನಿಮ್ಮ ತಂಗಿ ಊಟ ಬಿಡುತ್ತಾಳೆ ಎಂದಿರಿ. ಆದ್ದರಿಂದ ಮೊದಲು ಕೇಳಿ. ನೀರು ಹಿಮದಷ್ಟು ತಣ್ಣಗೂ ಬೇಡ, 10 ಡಿಗ್ರಿಗಿಂತ ಕೆಳಗೆ ಹೋಗಬಾರದು.

ಯಾರಿಗೂ ಹೆದರಿಕೆ ಇಲ್ಲದ್ದು ಉಸಿರು. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಬಸ್ಸಿನಲ್ಲಿ ಕೂತೂ ಮಾಡಬಹುದು. ಮೈಗೆ ಜೋರು ಕೆಲಸ ಕೊಡುವುದೂ ಒಂದು ದಾರಿ. ಬಿಸಿಲಲ್ಲಿ ಓಡಲು ಹೋಗಬೇಡಿ, ಮನೆಯ ಮೆಟ್ಟಿಲು ಹತ್ತಿ ಇಳಿದರೆ ಸಾಕು.

ಆಳಂದ ರಸ್ತೆ ಹಿರಿಯರು

ಸಿಸ್ಟರ್, ಮೇಲಿನ ಮದುವೆಯ ಮಾತಿಗೆ ನೀವು ಕೊಟ್ಟ ಉತ್ತರ ಯೋಚನೆಗೆ ಹಚ್ಚಿತು. ಇನ್ನೊಂದು ಕೇಳುತ್ತೇನೆ. ಧ್ಯಾನ, ಪ್ರಾರ್ಥನೆ, ವಚನ ಓದುವುದು ನಮ್ಮಲ್ಲಿ ಮೊದಲಿಂದ ಇದೆ. ಶರಣಬಸವೇಶ್ವರ ಗುಡಿಯಲ್ಲಿ ಅರ್ಧ ಗಂಟೆ ಕೂತರೆ ನನಗೆ ಎಲ್ಲಾ ಇಳಿಯುತ್ತದೆ. ಇಷ್ಟು ದುಡ್ಡು ಕೊಟ್ಟು ಅಮೆರಿಕದ್ದೇ ಯಾಕೆ?

ಬೀದರ್ ಮನಶ್ಶಾಸ್ತ್ರ

ಕಾಕಾ, ನೀವು ಹೇಳಿದ್ದು ಡಿಬಿಟಿಯ ಒಳಗೇ ಇದೆ. ಗಮನದ ಅಭ್ಯಾಸವನ್ನು ಲಿನೆಹಾನ್ ತಂದಿದ್ದೇ ಝೆನ್ ಧ್ಯಾನದಿಂದ. ಸಂಕಟ ದಾಟುವ ಕೌಶಲ್ಯಗಳ ಪಟ್ಟಿಯಲ್ಲಿ ಪ್ರಾರ್ಥನೆ ಎಂದೇ ಒಂದು ಇದೆ. ಗುಡಿಯಲ್ಲಿ ಕೂರುವುದು, ಬಂದೇ ನವಾಜ್ ದರ್ಗಾದಲ್ಲಿ ಕೂರುವುದು, ನಾನಕ್ ಝೀರಾದಲ್ಲಿ ಕೀರ್ತನೆ ಕೇಳುವುದು, ಇವನ್ನು ಯಾವ ಒಳ್ಳೆಯ ಥೆರಪಿಸ್ಟ್ ಕೂಡ ಬಿಡಿಸುವುದಿಲ್ಲ. ಇನ್ನೂ ಮಾಡಿ ಎನ್ನುತ್ತಾರೆ.

ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡ ಹುಡುಗಿಗೆ ಅದು ಸಾಲುವುದಿಲ್ಲ. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಸಂಕಟ ಇನ್ನೂ ಏರುತ್ತದೆ. ಅವಳಿಗೆ ಆ ಹೊತ್ತಿಗೆ ಏನು ಮಾಡಬೇಕು ಅನ್ನುವುದು ಹೆಜ್ಜೆ ಹೆಜ್ಜೆಯಾಗಿ ಗೊತ್ತಿರಬೇಕು. ತಣ್ಣಗಿರುವ ದಿನಗಳಲ್ಲಿ ಅದನ್ನು ಮಾಡಿ ಮಾಡಿ ಮೈಗೆ ಹತ್ತಿರಬೇಕು. ರೊಟ್ಟಿ ಬಡಿಯುವುದನ್ನು ನೋಡಿ ಯಾರೂ ಕಲಿತಿಲ್ಲ, ಹಿಟ್ಟಿಗೆ ಕೈ ಹಾಕಿಯೇ ಕಲಿಯಬೇಕು. ಇದೂ ಹಾಗೇ. ಯೂಟ್ಯೂಬ್‌ನಲ್ಲಿ ಹತ್ತು ವಿಡಿಯೋ ನೋಡಿ "ಡಿಬಿಟಿ ಮಾಡಿದೆ, ಉಪಯೋಗ ಆಗಲಿಲ್ಲ" ಅನ್ನುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಅವರು ಕಲಿಯಬೇಕಾದ ಭಾಗ ಶುರುವೇ ಆಗಿರುವುದಿಲ್ಲ.

ಸೇಡಂ ತೊಗರಿ

ಎಲ್ಲವನ್ನೂ ಒಪ್ಪಿಕೋ ಎಂದು ಒಂದು ಪಾಠ ಇದೆಯಂತೆ. ಮಗನ ಕೌನ್ಸೆಲರ್ ಹೇಳಿದರು. ನನಗೆ ಸಿಟ್ಟೇ ಬಂತು. ಅನ್ಯಾಯ ಆದರೂ ಒಪ್ಪಿಕೊಂಡು ಕೂರಬೇಕಾ?

ಬೀದರ್ ಮನಶ್ಶಾಸ್ತ್ರ

ಒಳ್ಳೆಯ ಪ್ರಶ್ನೆ ಸರ್. ನಿಮ್ಮ ಹೆಸರಿನಲ್ಲೇ ಉತ್ತರ ಸಿಗುತ್ತದೆ. ತೊಗರಿಗೆ ನೆಟೆ ರೋಗ ಬಂದು ಹೂ ಬಿಡುವ ಹೊತ್ತಿಗೆ ಹೊಲ ಒಣಗಿತು ಅಂತಿಟ್ಟುಕೊಳ್ಳಿ. "ಹೀಗೆ ಆಗಬಾರದಿತ್ತು, ನನಗೇ ಯಾಕೆ" ಎಂದು ರಾತ್ರಿಯೆಲ್ಲಾ ಗೋಡೆ ನೋಡಿದರೆ ಬೆಳೆ ಹಸಿರಾಗುವುದಿಲ್ಲ. ಬೆಳೆ ಹೋಗಿದೆ ಎಂದು ಒಳಗಿನಿಂದ ಒಪ್ಪಿದ ರೈತ ಮಾತ್ರ ಬೆಳಿಗ್ಗೆ ಎದ್ದು ಫೋಟೋ ತೆಗೆದು ಬೆಳೆ ವಿಮೆಗೆ ದೂರು ಕೊಡುತ್ತಾನೆ, ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಾನೆ, ಮುಂದಿನ ವರ್ಷಕ್ಕೆ ಯಾವ ತಳಿ ಎಂದು ಕೇಳುತ್ತಾನೆ. ಪರಿಹಾರಕ್ಕಾಗಿ ಜಗಳವನ್ನೂ ಆಡುತ್ತಾನೆ.

ಆದದ್ದು ಆಗಿದೆ ಎಂದು ಒಪ್ಪುವುದೇ ಬೇರೆ, ಆದದ್ದು ಸರಿ ಎನ್ನುವುದೇ ಬೇರೆ. ಡಿಬಿಟಿ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಹೊಡೆಯುವ ಗಂಡನನ್ನು ಸಹಿಸಿಕೋ ಎಂದು ಯಾವ ಡಿಬಿಟಿ ಥೆರಪಿಸ್ಟ್ ಹೇಳಿದರೂ ಅವರು ಅದನ್ನು ಸರಿಯಾಗಿ ಕಲಿತಿಲ್ಲ.

ಸೇಡಂ ತೊಗರಿ

ಈಗ ತಿಳಿಯಿತು ಮೇಡಂ. ಮಗನಿಗೂ ಹೀಗೇ ಹೇಳುತ್ತೇನೆ.

ಶಹಾಪುರ ಮಾಸ್ತರ

ಮೂರನೆಯ ಭಾಗ, ದಿನನಿತ್ಯದ ಭಾವನೆಗಳದ್ದು, ಸ್ವಲ್ಪ ಬಿಡಿಸಿ ಹೇಳಿ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬೋರ್ಡ್ ಮುಂದೆ ಕರೆದರೆ ನಡುಗುತ್ತಾಳೆ. ಮರುದಿನ ಶಾಲೆಗೇ ಬರುವುದಿಲ್ಲ.

ಬೀದರ್ ಮನಶ್ಶಾಸ್ತ್ರ

ಮಾಸ್ತರ್, ಪ್ರತಿ ಭಾವನೆಯೂ ನಮ್ಮನ್ನು ಒಂದು ಕಡೆ ತಳ್ಳುತ್ತದೆ. ಹೆದರಿಕೆ ಓಡು ಎನ್ನುತ್ತದೆ. ನಾಚಿಕೆ ಅಡಗು ಎನ್ನುತ್ತದೆ. ದುಃಖ ಹೊದ್ದು ಮಲಗು ಎನ್ನುತ್ತದೆ. ಸಿಟ್ಟು ಏರಿ ಹೋಗು ಎನ್ನುತ್ತದೆ. ಮೊದಲು ನೋಡಬೇಕಾದ್ದು, ಈ ಭಾವನೆ ನಡೆದ ಸಂಗತಿಗೆ ಹೊಂದುತ್ತದಾ? ನಾಯಿ ಅಟ್ಟಿಸಿಕೊಂಡು ಬಂದರೆ ಓಡಲೇಬೇಕು. ಆದರೆ ಬೋರ್ಡ್ ಮುಂದೆ ನಿಂತರೆ ಜೀವಕ್ಕೆ ಏನೂ ಆಗುವುದಿಲ್ಲ. ಸಂಗತಿಗೆ ಹೊಂದದಿದ್ದರೆ, ಅಥವಾ ಅದು ತಳ್ಳಿದ ಕಡೆ ಹೋದರೆ ನಮಗೇ ನಷ್ಟ ಅನಿಸಿದರೆ, ಅದಕ್ಕೆ ಉಲ್ಟಾ ಮಾಡಬೇಕು. ಅರ್ಧ ಮನಸ್ಸಿನಿಂದ ಅಲ್ಲ, ಪೂರ್ತಿ. ತಲೆ ತಗ್ಗಿಸಿ ಗೊಣಗುತ್ತಾ ನಿಂತರೆ ಲೆಕ್ಕಕ್ಕಿಲ್ಲ. ಮುಖ ಎತ್ತಿ, ದನಿ ಎತ್ತಿ, ಮತ್ತೆ ಮತ್ತೆ. ಹೆದರಿಕೆ ತಾನಾಗಿ ಇಳಿಯುತ್ತದೆ.

ಆ ಹುಡುಗಿಗೆ ಒಂದೇ ಸಲ ಇಡೀ ತರಗತಿಯ ಮುಂದೆ ನಿಲ್ಲಿಸಬೇಡಿ. ಮೊದಲು ಗೆಳತಿಯ ಜೊತೆ ಬಂದು ಒಂದು ಸಾಲು ಬರೆದು ಹೋಗಲಿ. ಯಾರಾದರೂ ನಗುತ್ತಿದ್ದಾರಾ ಎಂಬುದನ್ನೂ ನೀವು ನೋಡಿ. ನಿಜವಾಗಿ ನಗುತ್ತಿದ್ದರೆ ಅವಳ ಹೆದರಿಕೆ ಹೊಂದುತ್ತದೆ. ಆಗ ಬದಲಾಗಬೇಕಾದ್ದು ತರಗತಿ.

ನಿದ್ದೆ, ಊಟ, ಕಾಯಿಲೆಗೆ ಔಷಧ, ಕುಡಿತದಿಂದ ದೂರ ಇರುವುದು, ಮೈಗೆ ವ್ಯಾಯಾಮ, ಇವೂ ಇದೇ ಭಾಗದಲ್ಲಿ ಬರುತ್ತವೆ. ಯಾದಗಿರಿ ಸರ್ ಮಧ್ಯಾಹ್ನದ ಊಟದ ಬಗ್ಗೆ ಬರೆದಿದ್ದು ಇದನ್ನೇ.

ಕಲಬುರಗಿ ಅಕ್ಕ

ಎಲ್ಲಾ ಬರೆದುಕೊಳ್ಳುತ್ತಿದ್ದೇನೆ. ಈಗ ಮನೆಯವರ ಪಾಲು ಹೇಳಿ. ಅವಳು ಸ್ಫೋಟ ಆದಾಗ ನಾವು ಏನು ಮಾಡಬೇಕು? ಅಪ್ಪ ಬೈಯುತ್ತಾರೆ, ಅವ್ವ ಅಳುತ್ತಾಳೆ, ನಾನು ನಡುವೆ.

ಬೀದರ್ ಮನಶ್ಶಾಸ್ತ್ರ

ಈ ಇಡೀ ಚರ್ಚೆಯಲ್ಲಿ ನಾನು ಅತಿ ಮುಖ್ಯ ಎಂದು ನಂಬುವುದು ಇದೇ. ಮಗಳನ್ನು ಥೆರಪಿಗೆ ಕಳಿಸಿ ಮನೆ ಹಾಗೇ ಇದ್ದರೆ ಅವಳು ವಾರಕ್ಕೆ ಎರಡು ಸಲ ಕಲಿತದ್ದನ್ನು ಉಳಿದ ದಿನ ಕಳೆದುಕೊಳ್ಳುತ್ತಾಳೆ.

ಅವಳ ಭಾವನೆಯನ್ನು ಮೊದಲು ಹೌದು ಅನ್ನಿ. ಅವಳು ಹೇಳಿದ್ದಕ್ಕೆಲ್ಲಾ ಹೌದು ಅನ್ನಬೇಕಿಲ್ಲ. ಗೆಳತಿ ಫೋನ್ ಎತ್ತಲಿಲ್ಲ ಎಂದು ಅವಳು ಅಳುತ್ತಿದ್ದಾಳೆ. "ಅಷ್ಟಕ್ಕ ಯಾಕ ಅಳ್ತಿ, ಕೆಲಸದಾಗ ಇರ್ಬೇಕು" ಅಂದರೆ ನೀವು ಹೇಳಿದ್ದು ನಿಜವೇ ಇರಬಹುದು, ಆದರೆ ಅವಳಿಗೆ ಕೇಳುವುದು "ನಿನ್ನ ಸಂಕಟ ಸುಳ್ಳು" ಎಂದು. ಅದರ ಬದಲು, "ಆಕಿ ಫೋನ್ ಎತ್ತಲಿಲ್ಲ ಅಂತ ನಿನಗ ಭಾಳ ಸಂಕಟ ಆಗ್ಯದ. ಕಾದು ಕಾದು ತಲಿ ಕೆಟ್ಟದ" ಅನ್ನಿ. ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಇರಿ. ಬುದ್ಧಿಮಾತು ಬೇಡ. ಇಳಿದ ಮೇಲೆ ಮಿಕ್ಕಿದ್ದು.

ಇನ್ನೊಂದು, ಡಿಬಿಟಿಯಲ್ಲಿ ಪ್ರತಿ ಘಟನೆಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಹಿಂದಿನ ರಾತ್ರಿ ನಿದ್ದೆ ಆಗಿತ್ತಾ? ಊಟ? ಕಿಡಿ ಹೊತ್ತಿದ್ದು ಯಾವ ಮಾತಿನಿಂದ? ತಲೆಯಲ್ಲಿ ಯಾವ ಯೋಚನೆ ಓಡಿತು? ಮೈಯಲ್ಲಿ ಏನಾಯಿತು? ಏನು ಮಾಡಿದಳು? ಆಮೇಲೆ ಮನೆಯಲ್ಲಿ ಏನಾಯಿತು? ಕೊನೆಯ ಪ್ರಶ್ನೆಯಲ್ಲಿ ಮನೆಯವರು ಸಿಗುತ್ತಾರೆ. ಬಹಳ ಮನೆಗಳಲ್ಲಿ ಮಗಳು ತಣ್ಣಗಿದ್ದ ದಿನ ಯಾರೂ ಅವಳ ಪಕ್ಕ ಕೂರುವುದಿಲ್ಲ. ಅವಳು ಒಡೆದುಹೋದ ರಾತ್ರಿ ಮಾತ್ರ ಅವ್ವ ತಲೆ ಸವರುತ್ತಾಳೆ, ಅಪ್ಪ ದನಿ ಇಳಿಸುತ್ತಾರೆ. ಬೇಕೆಂದು ಯಾರೂ ಮಾಡುವುದಿಲ್ಲ. ಆದರೆ ಮನಸ್ಸು ಅದನ್ನೇ ಕಲಿಯುತ್ತದೆ. ತಣ್ಣಗಿರುವ ಸಂಜೆಗಳಲ್ಲಿ ಅವಳ ಜೊತೆ ಕೂರಿ. ಅಪ್ಪನ ಕೆರೆ ದಂಡೆಗೆ, ಎಂ.ಜಿ. ರಸ್ತೆಯ ಓಡಾಟಕ್ಕೆ ಕರೆದುಕೊಂಡು ಹೋಗಿ. ಚಹಾ ಕುಡಿಯುತ್ತಾ ಕಾಲೇಜಿನ ವಿಷಯ ಕೇಳಿ.

ಇದೇ ಕಾರಣಕ್ಕೆ ಡಿಬಿಟಿಯಲ್ಲಿ ಫೋನ್ ನಿಯಮ ಬೇರೆ ಇದೆ. ತಡೆಯಲಾಗುತ್ತಿಲ್ಲ ಅನಿಸಿದಾಗ, ನೋವು ಮಾಡಿಕೊಳ್ಳುವ ಮೊದಲೇ, ಥೆರಪಿಸ್ಟ್‌ಗೆ ಫೋನ್ ಮಾಡಬೇಕು. ಅವರು ಕೆಲವೇ ನಿಮಿಷದಲ್ಲಿ ಯಾವ ಕೌಶಲ್ಯ ಬಳಸಬೇಕು ಎಂದು ನಡೆಸುತ್ತಾರೆ. ಮಾಡಿಕೊಂಡ ಮೇಲೆ ಮುಂದಿನ 24 ಗಂಟೆ ಆ ಫೋನ್ ಸಿಗುವುದಿಲ್ಲ. ಜೀವಕ್ಕೆ ಅಪಾಯ ಇದ್ದರೆ ಆ ನಿಯಮ ಇಲ್ಲ, ಆಗ ಆಸ್ಪತ್ರೆ. ಕೇಳಲು ಕಠಿಣ ಅನಿಸುತ್ತದೆ. ಆದರೆ ಸಹಾಯ ಬೇಗ ಕೇಳುವ ಅಭ್ಯಾಸ ಹೀಗೇ ಬೆಳೆಯುತ್ತದೆ. ಮನೆಯವರು ಮಾತ್ರ ಆ ನಿಯಮವನ್ನು ತಾವೇ ಹಾಕಲು ಹೋಗಬೇಡಿ. ಗಾಯ ಆದರೆ ಆರೈಕೆ ಮಾಡಿ, ಬೈಯದೆ, ಭಾಷಣ ಇಲ್ಲದೆ.

ಯಾದಗಿರಿ ಓದುಗ

ನಾಲ್ಕನೆಯ ಭಾಗದ ಒಂದು ಉದಾಹರಣೆ ಹೇಳಿಬಿಡುತ್ತೇನೆ, ಅಕ್ಕನ ತಂಗಿಗೆ ಬೇಕಾಗುತ್ತದೆ. ಮೊದಲು ನಡೆದದ್ದನ್ನು ಬಣ್ಣ ಹಚ್ಚದೆ ಹೇಳು. ನಿನಗೆ ಏನನಿಸಿತು ಹೇಳು. ಏನು ಬೇಕು ಎಂದು ನೇರವಾಗಿ ಕೇಳು. ಹಾಗೆ ಮಾಡಿದರೆ ಅವರಿಗೇನು ಲಾಭ ಹೇಳು. ಮಾತು ಬೇರೆ ಕಡೆ ಹೋದರೆ ಮತ್ತೆ ಅಲ್ಲಿಗೇ ಬಾ. ಪೂರ್ತಿ ಆಗದಿದ್ದರೆ ಸ್ವಲ್ಪ ಕೊಟ್ಟು ಸ್ವಲ್ಪ ತಗೋ.

ಗುಂಪಿನಲ್ಲಿ ಒಬ್ಬ ಹುಡುಗ ಅಪ್ಪನ ಜೊತೆ ಮಾತಾಡಲು ಅಭ್ಯಾಸ ಮಾಡಿದ್ದು ಹೀಗಿತ್ತು. "ಅಪ್ಪಾ, ನಿನ್ನೆ ಊಟಕ್ಕ ಕೂತಾಗ ಮಾಮಾರ ಮುಂದ ನನ್ನ ಮಾರ್ಕ್ಸ್ ಬಗ್ಗೆ ಹೇಳಿದ್ರಿ. ನನಗ ಭಾಳ ಸಂಕಟ ಆಯ್ತು. ಇನ್ನ ಮುಂದ ಮಂದಿ ಮುಂದ ಆ ಮಾತು ತೆಗಿಬ್ಯಾಡ್ರಿ. ನಾವಿಬ್ರೇ ಇದ್ದಾಗ ಕೇಳ್ರಿ, ಎಲ್ಲಾ ಹೇಳ್ತೀನಿ." ಮೊದಲಾಗಿದ್ದರೆ ತಟ್ಟೆ ನೂಕಿ ಎದ್ದು ಹೋಗುತ್ತಿದ್ದನಂತೆ.

ಸೇಡಂ ತೊಗರಿ

ಅಪ್ಪಂದಿರಿಗೂ ಈ ತರಗತಿ ಬೇಕು ನೋಡಿ.

ಬೀದರ್ ಮನಶ್ಶಾಸ್ತ್ರ

ಇದೆ ಸರ್. ಹದಿಹರೆಯದವರ ಡಿಬಿಟಿಯಲ್ಲಿ ಅಪ್ಪ ಅವ್ವನೂ ಗುಂಪಿನಲ್ಲಿ ಮಕ್ಕಳ ಜೊತೆ ಕೂತು ಅದೇ ಕೌಶಲ್ಯ ಕಲಿಯುತ್ತಾರೆ. ನಿಮ್ಮ ಮಗನ ಕೌನ್ಸೆಲರನ್ನು ಕೇಳಿ.

ಕಲಬುರಗಿ ಅಕ್ಕ

ಕೊನೆಯದಾಗಿ, ಎಲ್ಲಿ ಹುಡುಕಲಿ? ವಾರಕ್ಕೆರಡು ಸಲ ಹೈದರಾಬಾದಿಗೆ ಹೋಗಿಬರುವುದು ನಮ್ಮ ಕೈಲಿ ಆಗುವುದಿಲ್ಲ. ಗುಳಿಗೆ ಬಿಡಬಹುದಾ?

ಹುಮನಾಬಾದ್ ಸಿಸ್ಟರ್

ಗುಳಿಗೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಹೈದರಾಬಾದಿಗೆ ಪ್ರತಿ ಸಲ ಹೋಗಲಾಗದಿದ್ದರೆ ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಬೀದರಿನವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಬ್ರಿಮ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೂ ಇರುತ್ತಾರೆ. ಪೊಲೀಸ್ ಕೇಸ್ ಆಗುತ್ತದೆ ಎಂದು ಆಸ್ಪತ್ರೆಗೆ ಹೋಗದೆ ಇರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಜೀವ ತೆಗೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ನೋಡಬೇಕು, ಶಿಕ್ಷೆ ಇಲ್ಲ. ವಿಮೆ ಕಂಪನಿಗಳು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದೂ ಅದರಲ್ಲೇ ಇದೆ. ಅಪ್ಪನ ಪಾಲಿಸಿ ಇದ್ದರೆ ತೆಗೆದು ಓದಿ.

ಬೀದರ್ ಮನಶ್ಶಾಸ್ತ್ರ

ಥೆರಪಿಸ್ಟ್‌ಗೆ ಫೋನ್ ಮಾಡಿದಾಗ ಕೇಳಿ: ನೀವು ಡಿಬಿಟಿಯಲ್ಲಿ ತರಬೇತಿ ಪಡೆದಿದ್ದೀರಾ? ಕೌಶಲ್ಯದ ಗುಂಪು ಇದೆಯಾ, ಕನ್ನಡದಲ್ಲಿ ಕಲಿಸುತ್ತೀರಾ? ಡೈರಿ ಕಾರ್ಡ್ ಇದೆಯಾ? ನಡುವೆ ಫೋನ್ ಮಾಡಬಹುದಾ? ನೀವು ಬೇರೆ ಥೆರಪಿಸ್ಟ್‌ಗಳ ತಂಡದ ಜೊತೆ ಕೂತು ಚರ್ಚೆ ಮಾಡುತ್ತೀರಾ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ. ಐದೂ ಸಿಗುವುದು ನಮ್ಮ ಕಡೆ ಕಷ್ಟ. ಹತ್ತಿರದ ಒಬ್ಬ ಒಳ್ಳೆಯ ಥೆರಪಿಸ್ಟ್, ಜೊತೆಗೆ ಆನ್‌ಲೈನ್ ಕೌಶಲ್ಯ ಗುಂಪು ಸಿಕ್ಕರೂ ಶುರು ಮಾಡಿ.

ಶುರುವಿನ ವಾರಗಳಲ್ಲಿ ಪರೀಕ್ಷೆ, ಮಾರ್ಕ್ಸ್ ಬಗ್ಗೆ ಮಾತೇ ಬರಲಿಲ್ಲ ಎಂದು ಅಪ್ಪ ಕೇಳಬಹುದು. ಡಿಬಿಟಿಯಲ್ಲಿ ಮೊದಲು ಜೀವ ಉಳಿಯುವ ವಿಷಯ, ಆಮೇಲೆ ಥೆರಪಿ ತಪ್ಪಿಸದೆ ಬರುವ ವಿಷಯ, ಅದಾದ ಮೇಲೆ ಬದುಕಿನ ಉಳಿದ ವಿಷಯ. ಈ ಸಾಲನ್ನು ಅವರು ಮುರಿಯುವುದಿಲ್ಲ.

ಕಲಬುರಗಿ ಅಕ್ಕ

ನಿನ್ನೆ ರಾತ್ರಿ ತಂಗಿಗೆ ಈ ಚರ್ಚೆಯನ್ನು ಓದಲು ಕೊಟ್ಟೆ. ಅವಳನ್ನು ಕೇಳಿಯೇ ಇಲ್ಲಿ ಹಾಕಿದ್ದೆ, ಆದರೂ ಹೆದರಿಕೆ ಇತ್ತು. ಪೂರ್ತಿ ಓದಿದಳು. ಲಿನೆಹಾನ್ ಅವರ ಭಾಗವನ್ನು ಮತ್ತೆ ಓದಿದಳು. "ಗುಂಪಿನ್ಯಾಗ ಮಾತಾಡ್ಲೇಬೇಕೇನು?" ಎಂದು ಕೇಳಿದಳು. ಶುರು ಮಾಡಲು ಒಪ್ಪಿದ್ದಾಳೆ. ಆನ್‌ಲೈನ್ ಗುಂಪೇ ಆಗಬಹುದು. ನಮ್ಮದು ಎರಡು ಕೋಣೆಯ ಮನೆ, ಅದೊಂದೇ ಚಿಂತೆ.

ಯಾದಗಿರಿ ಓದುಗ

ಗುಂಪಿನಲ್ಲಿ ಮೊದಮೊದಲು ಕೇಳಿಸಿಕೊಂಡು ಕೂತರೂ ನಡೆಯುತ್ತದೆ ಎಂದು ಹೇಳಿ. ಮನೆಗೆಲಸದ ಬಗ್ಗೆ ಕೇಳಿದಾಗ ಎರಡು ಮಾತು ಹೇಳಿದರೆ ಸಾಕು. ಇನ್ನು ಜಾಗದ ವಿಷಯ. ನಾನು ಮಾಳಿಗೆ ಮೇಲೆ ಕೂರುತ್ತಿದ್ದೆ, ಬೇಸಿಗೆಯಲ್ಲಿ ಸಂಜೆ ತರಗತಿ ಹಿಡಿಯಿರಿ. ಇಯರ್‌ಫೋನ್ ಒಳ್ಳೆಯದು ಕೊಡಿಸಿ. ಆ ಎರಡು ಗಂಟೆ ಟಿವಿ ಹಾಕಿಡಿ, ಅವಳ ಮಾತು ಆಚೆ ಕೇಳದ ಹಾಗೆ. ಮುಗಿಸಿ ಹೊರಗೆ ಬಂದಾಗ "ಏನು ಹೇಳಿದ್ರು" ಎಂದು ಯಾರೂ ಕೇಳಬೇಡಿ. ಅವಳೇ ಹೇಳಿದರೆ ಕೇಳಿಸಿಕೊಳ್ಳಿ.